ಇಲ್ಲದ ಲಿಗಮೆಂಟು, ತಿರುಗದ ಚೆಂಡು

1996ರ ಬೇಸಿಗೆಯಲ್ಲಿ ‘ಬೇಸ್‌ಬಾಲ್ ಅಮೆರಿಕ’ ಪತ್ರಿಕೆಯ ಮುಖಪುಟದಲ್ಲಿ ಒಂದು ಫೋಟೊ ಬಂತು. ಅಟ್ಲಾಂಟಾ ಒಲಿಂಪಿಕ್ಸ್‌ಗೆ ಸಜ್ಜಾಗಿದ್ದ ಅಮೆರಿಕ ತಂಡದ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಸಾಲಾಗಿ ನಿಂತಿದ್ದರು. ಅವರಲ್ಲೊಬ್ಬರ ಬಲಗೈ ನೆಟ್ಟಗೆ ಇಳಿಬಿಟ್ಟಂತಿರದೆ ಮೊಣಕೈ ಬಳಿ ತುಸು ಬಾಗಿ ಜೋತಿತ್ತು. ಪತ್ರಿಕೆ ಕೊಂಡು ಓದಿದವರು ಅದನ್ನು ಗಮನಿಸಿರಲಾರರು. ಆದರೆ ಟೆಕ್ಸಸ್ ರೇಂಜರ್ಸ್ ತಂಡದ ವೈದ್ಯಕೀಯ ಸಿಬ್ಬಂದಿಯ ಕಣ್ಣಿಗೆ ಅದು ಬಿತ್ತು. ಅವರು ಆ ಕೈಯನ್ನೊಮ್ಮೆ ಸರಿಯಾಗಿ ನೋಡಬೇಕೆಂದರು.

ಕೈ ರಾಬರ್ಟ್ ಆ್ಯಲನ್ ಡಿಕಿ ಅವರದು. ಬೇಸ್‌ಬಾಲ್ ಲೋಕ ಅವರನ್ನು ಕರೆಯುವುದು ಆರ್.ಎ. ಡಿಕಿ ಎಂದು. ನ್ಯಾಶ್‌ವಿಲ್‌ನಲ್ಲಿ ಹುಟ್ಟಿ ಬೆಳೆದು, ಟೆನೆಸೀ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತ ಬೇಸ್‌ಬಾಲ್ ಆಡುತ್ತಿದ್ದ ಅವರಿಗೆ ಆಗ 21 ವರ್ಷ. ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟ್‌ನಲ್ಲಿ ರೇಂಜರ್ಸ್ ಅವರನ್ನು ಮೊದಲ ಸುತ್ತಿನಲ್ಲೇ, ದೇಶಕ್ಕೆ 18ನೆಯವರಾಗಿ ಆರಿಸಿಕೊಂಡಿತ್ತು. ಸಹಿ ಹಾಕಿದರೆ 8,10,000 ಡಾಲರ್ ಎಂದು ಮಾತೂ ಆಗಿತ್ತು. ಒಲಿಂಪಿಕ್ಸ್ ಮುಗಿಸಿ, ಕಂಚಿನ ಪದಕ ಹಿಡಿದು ಬಂದ ಹುಡುಗನನ್ನು ತಪಾಸಣೆಗೆ ಕಳಿಸಿದರು. ಮೊಣಕೈಯ ಒಳಬದಿಯಲ್ಲಿ ಇರಬೇಕಾದ ಒಂದು ಲಿಗಮೆಂಟ್ ಅವರಿಗೆ ಇರಲೇ ಇಲ್ಲ. ಹರಿದಿರಲಿಲ್ಲ, ಸವೆದಿರಲಿಲ್ಲ, ಅದು ಇರಬೇಕಾದ ಜಾಗವೇ ಖಾಲಿ.

ಪಿಚರ್‌ಗಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ‘ಯುಸಿಎಲ್’ ಎಂದು ಕರೆಯುವ ಆ ಲಿಗಮೆಂಟ್ ತೋಳಿನ ಮೇಲಿನ ಮೂಳೆಯನ್ನು ಕೆಳಗಿನದಕ್ಕೆ ಬಿಗಿದಿಡುತ್ತದೆ. ಜೋರಾಗಿ ಚೆಂಡು ಎಸೆಯುವಾಗ ಎಲ್ಲಕ್ಕಿಂತ ಹೆಚ್ಚು ಎಳೆತ ಬೀಳುವುದು ಅದರ ಮೇಲೆಯೇ. ಅದು ಹರಿದು ವೃತ್ತಿ ಮುಗಿದವರು ಎಷ್ಟೋ ಮಂದಿ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ದೇಹದ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಅಲ್ಲಿ ಹೆಣೆದ ಮೇಲೆ ಆ ಶಸ್ತ್ರಚಿಕಿತ್ಸೆಗೇ ಆಟಗಾರನ ಹೆಸರು ನಿಂತಿತು. ಡಿಕಿಗೆ ಹರಿಯಲು ಲಿಗಮೆಂಟೇ ಇರಲಿಲ್ಲ. ಬಾಗಿಲ ಹಿಡಿ ತಿರುಗಿಸಿದರೂ ನೋಯಬೇಕಾದ ಕೈಯಲ್ಲಿ ಅವರು ಕಾಲೇಜು ಬೇಸ್‌ಬಾಲ್ ಆಳಿದ್ದು ಹೇಗೆಂದು ವೈದ್ಯರೇ ಬೆರಗಾದರು. ರೇಂಜರ್ಸ್ ಮಾತ್ರ ಬೆರಗಾಗಿ ಕೂರಲಿಲ್ಲ. ಮೊದಲು ಕೊಡುಗೆಯನ್ನೇ ವಾಪಸ್ ಪಡೆಯಿತು; ಆಮೇಲೆ, ಬೇಕಿದ್ದರೆ 75,000 ಡಾಲರ್ ಎಂದಿತು. ಹತ್ತನೇ ಒಂದು ಪಾಲೂ ಅಲ್ಲ. ಡಿಕಿ ಒಪ್ಪಿಕೊಂಡರು.

ಇಲ್ಲಿ ಕನ್ನಡದ ಓದುಗರಿಗೆ ಬಿ.ಎಸ್. ಚಂದ್ರಶೇಖರ್ ನೆನಪಾಗದಿರಲು ಸಾಧ್ಯವಿಲ್ಲ. ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ ಅವರು 242 ಟೆಸ್ಟ್ ವಿಕೆಟ್ ಕಿತ್ತರು. ಆ ಕೈಯಿಂದ ಬಂದ ಚೆಂಡು ಎತ್ತ ಹೋಗುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು. ಡಿಕಿಯ ಕತೆಯೂ ಕೊನೆಗೆ ಅಲ್ಲಿಗೇ ಬಂದು ಸೇರಿತು. ಆದರೆ ಅದಕ್ಕೆ ಹದಿನಾಲ್ಕು ವರ್ಷ ಹಿಡಿಯಿತು, ಅದರಲ್ಲಿ ಬಹುಪಾಲು ಮೈನರ್ ಲೀಗ್‌ನ ಬಸ್ಸುಗಳಲ್ಲಿ ಕಳೆಯಿತು.

ಮೈನರ್ ಲೀಗ್ ಎಂದರೆ ನಮ್ಮ ರಾಜ್ಯಮಟ್ಟದ ಕ್ರಿಕೆಟ್ಟಿನಂತೆ ತನ್ನದೇ ಮಾನ ಮರ್ಯಾದೆ ಇರುವ ಪಂದ್ಯಾವಳಿಯಲ್ಲ. ಅಲ್ಲಿನ ಆಟಗಾರನಿಗೆ ಸಂಬಳ ಕೊಡುವುದು ಮೇಜರ್ ಲೀಗ್‌ನ ಮಾತೃ ತಂಡ. ಯಾರು ಆಡಬೇಕು, ಯಾವ ಊರಿಗೆ ಹೋಗಬೇಕು, ಯಾವ ಎಸೆತ ಅಭ್ಯಾಸ ಮಾಡಬೇಕು ಎಂಬುದನ್ನೆಲ್ಲ ನಿರ್ಧರಿಸುವುದೂ ಅದೇ. ಊರ ಜನ ತಮ್ಮ ತಂಡ ಗೆಲ್ಲಲೆಂದು ಕೂಗುತ್ತಿದ್ದರೆ, ಮೇಲಿನವರು ನೋಡುವುದು ಯಾವ ಹುಡುಗ ಹಣ್ಣಾಗುತ್ತಿದ್ದಾನೆ ಎಂಬುದನ್ನು ಮಾತ್ರ. ಈ ಪದ್ಧತಿಯನ್ನು 1920ರ ದಶಕದಲ್ಲಿ ಕಟ್ಟಿದವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರ್ಯಾಂಚ್ ರಿಕಿ. ಮುಂದೆ ಜಾಕಿ ರಾಬಿನ್‌ಸನ್ ಅವರನ್ನು ಕರೆತಂದು ಬೇಸ್‌ಬಾಲ್‌ನ ವರ್ಣಭೇದದ ಗೋಡೆ ಒಡೆದವರೂ ಇವರೇ. ಸಿದ್ಧ ಆಟಗಾರರನ್ನು ಕೊಳ್ಳುವಷ್ಟು ಹಣ ತಮ್ಮಲ್ಲಿ ಇಲ್ಲದ್ದರಿಂದ ತಾವೇ ಬೆಳೆದುಕೊಳ್ಳೋಣ ಎಂಬುದು ಅವರ ಲೆಕ್ಕಾಚಾರ. ತಳದಲ್ಲಿ ರೂಕಿ ಲೀಗ್, ಅದರ ಮೇಲೆ ಎ ದರ್ಜೆಯ ಮೆಟ್ಟಿಲುಗಳು, ಆಮೇಲೆ ಡಬಲ್-ಎ, ತುದಿಯಲ್ಲಿ ಟ್ರಿಪಲ್-ಎ. ಅದರಾಚೆಗಿನ ಮೆಟ್ಟಿಲಿನಲ್ಲಿ 30 ತಂಡಗಳ ಮೇಜರ್ ಲೀಗ್. ತಳದಲ್ಲಿ ಕಾಲಿಟ್ಟ ಬಹುಪಾಲು ಹುಡುಗರು ಅಲ್ಲಿಗೆ ಒಂದು ದಿನದ ಮಟ್ಟಿಗೂ ತಲುಪುವುದಿಲ್ಲ.

ಸಂಬಳದ ಮಾತು ಕೇಳಿದರೆ ಅಮೆರಿಕದ ಮಾತೆಂದು ನಂಬುವುದು ಕಷ್ಟ. 2010ರ ದಶಕದಲ್ಲೂ ಹೊಸಬರಿಗೆ ತಿಂಗಳಿಗೆ 1,100 ಡಾಲರ್ ಸಿಗುತ್ತಿತ್ತು, ಅದೂ ಪಂದ್ಯಗಳು ನಡೆಯುವ ತಿಂಗಳುಗಳಿಗಷ್ಟೇ. ಚಳಿಗಾಲದಲ್ಲಿ ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿಯಬೇಕಿತ್ತು. ಇದನ್ನು ಪ್ರಶ್ನಿಸಿ ಆಟಗಾರರು ನ್ಯಾಯಾಲಯಕ್ಕೆ ಹೋದಾಗ, ಅವರಿಗೆ ಕನಿಷ್ಠ ವೇತನದ ರಕ್ಷಣೆ ಪೂರ್ತಿ ಅನ್ವಯಿಸದಂತೆ ಮೇಜರ್ ಲೀಗ್ 2018ರಲ್ಲಿ ಸಂಸತ್ತಿನಿಂದ ಕಾನೂನನ್ನೇ ಮಾಡಿಸಿತು. ಅದಕ್ಕಿಟ್ಟ ಹೆಸರು ‘ಅಮೆರಿಕದ ಆಟವನ್ನು ಉಳಿಸುವ ಕಾಯ್ದೆ’! ಪರಿಸ್ಥಿತಿ ಸುಧಾರಿಸಿದ್ದು ಆಟಗಾರರು 2022ರಲ್ಲಿ ಒಕ್ಕೂಟ ಸೇರಿದ ಮೇಲೆ. ಮರುವರ್ಷದ ಒಪ್ಪಂದದಲ್ಲಿ ಟ್ರಿಪಲ್-ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 17,500 ಡಾಲರ್‌ನಿಂದ 35,800ಕ್ಕೆ ಏರಿತು. ಅದೇ ವರ್ಷ ಒಂದು ಮೆಟ್ಟಿಲು ಮೇಲೆ, ಮೇಜರ್ ಲೀಗ್‌ನಲ್ಲಿ ಕನಿಷ್ಠ ಸಂಬಳ 7,20,000 ಡಾಲರ್. ಇಷ್ಟು ಕಡಿದಾದ ಮೆಟ್ಟಿಲು ಬೇರೆ ಯಾವ ಉದ್ಯೋಗದಲ್ಲಿದೆಯೋ!

ಡಿಕಿ ಈ ಏಣಿಯನ್ನು ಒಂದೊಂದೇ ಮೆಟ್ಟಿಲಾಗಿ ಹತ್ತಿದರು. 2001ರ ಏಪ್ರಿಲ್‌ನಲ್ಲಿ ಮೇಜರ್ ಲೀಗ್‌ನಲ್ಲಿ ಮೊದಲ ಬಾರಿಗೆ ಚೆಂಡು ಎಸೆದರು, ಕೂಡಲೇ ಕೆಳಗಿಳಿದರು. 2003, 2004ರಲ್ಲಿ ರೇಂಜರ್ಸ್ ಪರ ಸಾಕಷ್ಟು ಆಡಿದರೂ ಯಾರೂ ಹೆಸರು ನೆನಪಿಟ್ಟುಕೊಳ್ಳುವಂಥದ್ದೇನೂ ಆಗಲಿಲ್ಲ. 2005ರ ಹೊತ್ತಿಗೆ ವಯಸ್ಸು 30 ಮುಟ್ಟಿತ್ತು, ಫಾಸ್ಟ್‌ಬಾಲ್‌ನ ವೇಗ ಕುಸಿದಿತ್ತು. ಆಗ ಮ್ಯಾನೇಜರ್ ಬಕ್ ಶೋವಾಲ್ಟರ್, ಬೌಲಿಂಗ್ ಕೋಚ್ ಎಂದು ನಾವು ಕರೆಯಬಹುದಾದ ಓರೆಲ್ ಹರ್ಶೈಸರ್ ಮೊದಲಾದವರು ಅವರನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು: ಈಗಿನ ಎಸೆತದಿಂದ ಇಲ್ಲಿ ಉಳಿಯಲಾಗದು, ಟ್ರಿಪಲ್-ಎಗೆ ಹೋಗಿ ಪೂರ್ತಿ ನಕಲ್‌ಬಾಲ್ ಪಿಚರ್ ಆಗಿ ಬನ್ನಿ. ಆಗೊಮ್ಮೆ ಈಗೊಮ್ಮೆ ಒಂದು ವಿಚಿತ್ರ ಚೆಂಡು ಎಸೆಯುವ ಚಾಳಿ ಡಿಕಿಗೆ ಇತ್ತು. ಅದನ್ನೇ ಕಸುಬಾಗಿಸಿಕೊಳ್ಳಬೇಕಿತ್ತು.

ಸಾಮಾನ್ಯ ಫಾಸ್ಟ್‌ಬಾಲ್ ಪಿಚರ್‌ನ ಕೈಬಿಟ್ಟು 60 ಅಡಿ 6 ಇಂಚು ದೂರದಲ್ಲಿ ಬ್ಯಾಟರ್ ಪಕ್ಕದ ಪ್ಲೇಟ್ ತಲುಪುವಷ್ಟರಲ್ಲಿ ಸುಮಾರು ಹದಿನೈದು ಸುತ್ತು ತಿರುಗುತ್ತದೆ. ಆ ತಿರುಗುವಿಕೆಯೇ ಅದಕ್ಕೆ ಒಂದು ನಿಶ್ಚಿತ ದಾರಿ ಕೊಡುತ್ತದೆ. ಅನುಭವಿ ಬ್ಯಾಟರ್ ಅದನ್ನು ಓದಬಲ್ಲ. ನಕಲ್‌ಬಾಲ್ ತಿರುಗಬಾರದು. ಒಂದು ಸುತ್ತು, ಒಂದೂವರೆ ಸುತ್ತು ಆದರೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚಾದರೆ ಅದು ಬರೀ ನಿಧಾನದ ಚೆಂಡು, ಬಾರಿಸಿಕೊಳ್ಳಲೆಂದೇ ಬಂದದ್ದು. ಸರಿಯಾಗಿ ಬಿಟ್ಟಾಗ, ಚೆಂಡಿನ ಮೇಲಿನ ಹೊಲಿಗೆ ಗಾಳಿಗೆ ಒಂದು ಕ್ಷಣ ಒಂದು ಬದಿಯಲ್ಲಿ ಅಡ್ಡ ಸಿಗುತ್ತದೆ, ಮರುಕ್ಷಣ ಇನ್ನೊಂದು ಬದಿಯಲ್ಲಿ. ಗಾಳಿ ಎರಡೂ ಕಡೆ ಒಂದೇ ಸಮನೆ ಹರಿಯದೆ ಚೆಂಡು ಮಧ್ಯದಲ್ಲೇ ದಾರಿ ಬದಲಿಸುತ್ತದೆ. ಎತ್ತ ಹೋಗುತ್ತದೆಂದು ಬ್ಯಾಟರ್‌ಗೂ ಗೊತ್ತಿಲ್ಲ, ಹಿಡಿಯಲು ಕುಕ್ಕರಗಾಲಲ್ಲಿ ಕೂತ ಕ್ಯಾಚರ್‌ಗೂ ಗೊತ್ತಿಲ್ಲ, ಎಸೆದವರಿಗೂ ಗೊತ್ತಿಲ್ಲ. 1960ರ ದಶಕದಲ್ಲಿ ಫಿಲ್ ನೀಕ್ರೊ ಅವರ ನಕಲ್‌ಬಾಲ್ ಹಿಡಿಯುವ ಕೆಲಸ ಬಿದ್ದಿದ್ದ ಬಾಬ್ ಯೂಕರ್, ಅದು ಉರುಳಿ ನಿಂತ ಮೇಲೆ ಹೋಗಿ ಎತ್ತಿಕೊಳ್ಳುವುದೇ ಅದನ್ನು ಹಿಡಿಯುವ ಸರಿಯಾದ ಕ್ರಮ ಎಂದು ಹಾಸ್ಯ ಮಾಡುತ್ತಿದ್ದರು.

ಹೆಸರಿನಲ್ಲಿ ನಕಲ್, ಅಂದರೆ ಗೆಣ್ಣು, ಇದ್ದರೂ ಇದನ್ನು ಎಸೆಯುವುದು ಬೆರಳ ಗೆಣ್ಣಿನಿಂದಲ್ಲ, ಉಗುರಿನಿಂದ. ತೋರುಬೆರಳು ಮತ್ತು ನಡುಬೆರಳಿನ ಉಗುರುಗಳನ್ನು ಹೊಲಿಗೆಯ ಪಕ್ಕದ ಚರ್ಮಕ್ಕೆ ಊರಿ, ಮಣಿಕಟ್ಟನ್ನು ಬಿಗಿಯಾಗಿಟ್ಟು, ಚೆಂಡನ್ನು ಮುಂದಕ್ಕೆ ದೂಡಿದಂತೆ ಬಿಡಬೇಕು. ಉಗುರು ತುಸು ಉದ್ದವಾದರೆ ಚೆಂಡು ತಿರುಗುತ್ತದೆ, ಗಿಡ್ಡವಾದರೆ ಹಿಡಿತ ಸಿಗುವುದಿಲ್ಲ, ಮುರಿದರೆ ಆ ವಾರದ ಆಟ ಮುಗಿದಂತೆ. ಹೀಗಾಗಿ ಆರಡಿ ಎತ್ತರದ ಗಂಡಸು ಡಗ್‌ಔಟಿನಲ್ಲಿ ಕೂತು ಅರದಿಂದ ಉಗುರು ಉಜ್ಜುವುದು ಈ ಕಸುಬಿನ ನಿತ್ಯಕರ್ಮ. ಕಲಿಸುವವರು ಬೆರಳೆಣಿಕೆಯಷ್ಟು. ಮೊದಲು ಡಿಕಿ ಚಾರ್ಲಿ ಹಫ್ ಅವರ ಬಳಿ ಹೋದರು. 46ನೇ ವಯಸ್ಸಿನವರೆಗೆ ಇದೇ ಚೆಂಡು ಎಸೆದು 216 ಪಂದ್ಯ ಗೆದ್ದವರು ಹಫ್. ಚೆಂಡು ಹಿಡಿಯುವ ಬಗೆಯನ್ನೇ ಅವರು ಬದಲಿಸಿಬಿಟ್ಟರು. 318 ಪಂದ್ಯ ಗೆದ್ದ ನೀಕ್ರೊ ಕೂಡ ಪಾಠ ಹೇಳಿದರು. ಬಾಸ್ಟನ್ ತಂಡದ ಟಿಮ್ ವೇಕ್‌ಫೀಲ್ಡ್ ಎದುರಾಳಿ ತಂಡದವರಾಗಿದ್ದರೂ ತಮ್ಮ ಅಭ್ಯಾಸವನ್ನು ಪಕ್ಕದಲ್ಲೇ ನಿಂತು ನೋಡಲು ಬಿಟ್ಟರು. ಬೇರೆ ಎಸೆತದ ಗುಟ್ಟನ್ನು ಎದುರಾಳಿಗೆ ಹೀಗೆ ಬಿಟ್ಟುಕೊಡುವವರು ಮೇಜರ್ ಲೀಗ್‌ನಲ್ಲಿ ಸಿಗುವುದಿಲ್ಲ. ನಕಲ್‌ಬಾಲಿಗರಿಗೆ ತಮ್ಮ ಸಂಖ್ಯೆ ತೀರ ಕಡಿಮೆ ಎಂಬುದೇ ಬಂಧುತ್ವ.

ಮೊದಲ ಪರೀಕ್ಷೆ 2006ರ ಏಪ್ರಿಲ್ 6. ಡೆಟ್ರಾಯ್ಟ್ ಟೈಗರ್ಸ್ ಎದುರು ನಕಲ್‌ಬಾಲ್ ಪಿಚರ್ ಆಗಿ ಡಿಕಿ ಇಳಿದರು. ಮೂರು ಇನ್ನಿಂಗ್ಸ್ ಮತ್ತೊಂದು ಔಟ್ ಆಗುವಷ್ಟೇ ಆಡಿ, ನಮ್ಮ ಸಿಕ್ಸರ್‌ನಂಥ ಹೋಂ ರನ್ ಆರು ಬಿಟ್ಟುಕೊಟ್ಟರು. 1900ರಿಂದೀಚೆಗೆ ಒಬ್ಬ ಪಿಚರ್ ಒಂದೇ ಪಂದ್ಯದಲ್ಲಿ ಕೊಟ್ಟ ಅತಿ ಹೆಚ್ಚು ಹೋಂ ರನ್‌ಗಳ ದಾಖಲೆಗೆ ಅದು ಸಮ. ತಮಾಷೆಯೆಂದರೆ ಎರಡು ವರ್ಷ ಹಿಂದೆ ಇದೇ ಟೈಗರ್ಸ್‌ಗೆ ವೇಕ್‌ಫೀಲ್ಡ್ ಕೂಡ ಆರು ಹೋಂ ರನ್ ಕೊಟ್ಟಿದ್ದರು. ಅವರು ಆ ಪಂದ್ಯ ಗೆದ್ದಿದ್ದರು. ಡಿಕಿಯನ್ನು ಮರುದಿನವೇ ಎಂಬಂತೆ ಟ್ರಿಪಲ್-ಎಗೆ ಅಟ್ಟಿದರು. ರೇಂಜರ್ಸ್ ಮತ್ತೆ ಕರೆಯಲಿಲ್ಲ.

ಮರುವರ್ಷ ಅವರು ಮಿಲ್ವಾಕಿ ಬ್ರೂವರ್ಸ್‌ನ ಟ್ರಿಪಲ್-ಎ ತಂಡ ನ್ಯಾಶ್‌ವಿಲ್ ಸೌಂಡ್ಸ್‌ನಲ್ಲಿದ್ದರು. ಜೂನ್‌ನಲ್ಲಿ ಒಮಾಹಾ ಪ್ರವಾಸದ ವೇಳೆ ತಂಡ ಮಿಸೌರಿ ನದಿಯ ದಂಡೆಯ ಹೋಟೆಲೊಂದರಲ್ಲಿ ಇಳಿದಿತ್ತು. ನದಿಯನ್ನು ಈಜಿ ದಾಟುತ್ತೇನೆಂದು ಡಿಕಿ ಹೊರಟರು, ಸಹ ಆಟಗಾರರು ದಡದಲ್ಲಿ ನಿಂತು ನೋಡಿದರು. ಮಿಸೌರಿಯ ಸೆಳವು ಯಾರ ಹಟವನ್ನೂ ಲೆಕ್ಕಿಸುವಂಥದ್ದಲ್ಲ. ಅರ್ಧ ದಾರಿಯಲ್ಲೇ ಕೈಸೋತು ಹಿಂದಿರುಗಿ, ನೀರು ಕುಡಿದು, ಮುಳುಗುವ ಹಂತಕ್ಕೆ ಬಂದಾಗ ತಂಡದ ಆಸ್ಟ್ರೇಲಿಯಾ ಮೂಲದ ಪಿಚರ್ ಗ್ರಾಂಟ್ ಬಾಲ್ಫರ್ ಕೈಚಾಚಿ ಎಳೆದುಕೊಂಡರು. 32 ವರ್ಷದ, ಮಕ್ಕಳಿರುವ ಗೃಹಸ್ಥನೊಬ್ಬ ಇಂಥದ್ದಕ್ಕೆ ಯಾಕೆ ಇಳಿದ ಎಂದರೆ, ಬದುಕಿನಲ್ಲಿ ಏನನ್ನಾದರೂ ಸಾಧಿಸಿ ತೋರಿಸಲೇಬೇಕೆಂಬ ಹತಾಶೆ ಎಂಬ ಅರ್ಥದಲ್ಲಿ ಅವರೇ ಮುಂದೆ ಬರೆದುಕೊಂಡರು. ಆ ಋತುವಿನ ಉಳಿದ ಭಾಗದಲ್ಲಿ ಅವರು ಸಾಲುಸಾಲಾಗಿ ಗೆದ್ದರು. 13 ಗೆಲುವಿನೊಂದಿಗೆ ಪೆಸಿಫಿಕ್ ಕೋಸ್ಟ್ ಲೀಗ್‌ನ ವರ್ಷದ ಪಿಚರ್ ಎನಿಸಿದರು. ನದಿಗೂ ಗೆಲುವಿಗೂ ನಂಟು ಹಾಕುವುದು ಸುಲಭ. ನಕಲ್‌ಬಾಲ್ ಕೈಗೆ ಹತ್ತಲು ಎರಡು ವರ್ಷ ಬೇಕಿತ್ತು, ಆ ಹೊತ್ತಿಗೆ ಅದೂ ತುಂಬಿತ್ತು ಎನ್ನುವುದು ಹೆಚ್ಚು ನಂಬುವಂಥ ಮಾತು.

ಆದರೂ ಬಾಗಿಲು ತೆರೆಯಲಿಲ್ಲ. 2008ರಲ್ಲಿ ಸಿಯಾಟಲ್, 2009ರಲ್ಲಿ ಮಿನೆಸೋಟ. 2010ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮೈನರ್ ಲೀಗ್ ಕರಾರಿನ ಮೇಲೆ ಕರೆದು, ವಸಂತ ಶಿಬಿರದಲ್ಲಿ ಎಲ್ಲರಿಗಿಂತ ಮೊದಲು ಅವರನ್ನೇ ಹೊರಗಿಟ್ಟು, ಕೆನಡಾ ಗಡಿಯ ಬಫಲೊ ತಂಡಕ್ಕೆ ಕಳಿಸಿತು. ಏಪ್ರಿಲ್ ಕೊನೆಯಲ್ಲಿ ಡರಮ್ ತಂಡದ ವಿರುದ್ಧ ಮೊದಲ ಬ್ಯಾಟರ್ ಒಂದು ಸಿಂಗಲ್ ಹೊಡೆದ. ಅದಾದ ಮೇಲೆ ಸತತವಾಗಿ 27 ಮಂದಿಯನ್ನು ಡಿಕಿ ಔಟ್ ಮಾಡಿದರು. ಮೇ 19ರಂದು ಮೆಟ್ಸ್‌ಗೆ ಪಿಚರ್ ಕೊರತೆಯಾಗಿ ಕರೆ ಬಂತು. ವಯಸ್ಸು 35. ಆ ವರ್ಷ 11 ಪಂದ್ಯ ಗೆದ್ದರು. ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್‌ಗಳ ಸರಾಸರಿ 2.84. ಮೆಟ್ಸ್ ಎರಡು ವರ್ಷಕ್ಕೆ 78 ಲಕ್ಷ ಡಾಲರ್ ಕೊಟ್ಟು ಉಳಿಸಿಕೊಂಡಿತು.

ಅವರ ನಕಲ್‌ಬಾಲ್‌ನಲ್ಲೊಂದು ಹೊಸತನವಿತ್ತು. ವೇಕ್‌ಫೀಲ್ಡ್ ಅವರ ಚೆಂಡು ಗಂಟೆಗೆ 105 ಕಿ.ಮೀ. ಆಸುಪಾಸಿನಲ್ಲಿ ತೇಲಿ ಬರುತ್ತಿತ್ತು. ಡಿಕಿ ಅದನ್ನೇ 125 ಕಿ.ಮೀ. ವೇಗದಲ್ಲಿ, ಆದರೂ ತಿರುಗದಂತೆ ಎಸೆದರು. ನಿಂತು ನೋಡಿ ಹೊಡೆಯಲು ಬ್ಯಾಟರ್‌ಗೆ ಸಮಯ ಸಾಲದು. 2012ರ ಜೂನ್ 13ರಂದು ಟಾಂಪಾ ಬೇ, 18ರಂದು ಬಾಲ್ಟಿಮೋರ್. ಎರಡೂ ತಂಡಗಳು ಇಡೀ ಪಂದ್ಯದಲ್ಲಿ ಹೊಡೆದದ್ದು ಒಂದೊಂದೇ ಹಿಟ್. ಸತತ ಎರಡು ಪಂದ್ಯದಲ್ಲಿ ಹೀಗೆ ಮಾಡಿದವರು 1988ರ ನಂತರ ಇರಲಿಲ್ಲ. ಋತು ಮುಗಿದಾಗ 20 ಗೆಲುವು, 6 ಸೋಲು, 230 ಸ್ಟ್ರೈಕ್‌ಔಟ್. ಇಡೀ ಮೆಟ್ಸ್ ತಂಡ ಆ ವರ್ಷ ಗೆದ್ದದ್ದೇ 74 ಪಂದ್ಯ. ನವೆಂಬರ್‌ನಲ್ಲಿ ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರಿಗೆ ಬಂತು. ನಕಲ್‌ಬಾಲ್ ಪಿಚರ್ ಒಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ನೀಕ್ರೊ ಅವರಿಗೂ ದಕ್ಕಿರಲಿಲ್ಲ.

ಆ ವರ್ಷವೇ ಅವರ ಆತ್ಮಕಥೆಯೂ ಬಂತು. ಎಂಟನೇ ವಯಸ್ಸಿನಲ್ಲಿ ತಮ್ಮ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ಅದರಲ್ಲಿ ಮರೆಮಾಚದೆ ಹೇಳಿಕೊಂಡರು. ಬೇಸ್‌ಬಾಲ್ ಡ್ರೆಸಿಂಗ್ ರೂಮಿನಲ್ಲಿ ಯಾರೂ ಬಾಯಿಬಿಡದ ವಿಷಯ ಅದು. ಅದಕ್ಕೂ ಕೆಲವೇ ತಿಂಗಳು ಮೊದಲು, ಜನವರಿಯಲ್ಲಿ, ಅವರು ಆಫ್ರಿಕಾದ ಕಿಲಿಮಂಜಾರೊ ಹತ್ತಿ ಬಂದಿದ್ದರು. ಕಾಲು ಉಳುಕಿದರೆ ಕರಾರೇ ರದ್ದಾಗಬಹುದು ಎಂದು ಮೆಟ್ಸ್ ಪತ್ರ ಬರೆದು ಎಚ್ಚರಿಸಿತ್ತು, ಅವರು ಕೇಳಲಿಲ್ಲ. ಆ ಚಾರಣದಿಂದ ಕೂಡಿದ ಒಂದು ಲಕ್ಷ ಡಾಲರ್‌ಗೂ ಹೆಚ್ಚಿನ ಹಣ ಹೋದದ್ದು ಮುಂಬೈಗೆ. ಕಾಮಾಠಿಪುರದಲ್ಲಿ ವೇಶ್ಯಾವಾಟಿಕೆಗಳಿಗೆ ಮಾರಾಟವಾದ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುವ ‘ಬಾಂಬೆ ಟೀನ್ ಚಾಲೆಂಜ್’ ಸಂಸ್ಥೆಗೆ. ಪ್ರಶಸ್ತಿ ಬಂದ ಚಳಿಗಾಲದಲ್ಲೇ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮುಂಬೈಗೇ ಬಂದು ಆ ಕೆಲಸ ನೋಡಿ ಹೋದರು.

ಅಷ್ಟರಲ್ಲಿ ಮೆಟ್ಸ್ ಅವರನ್ನು ಟೊರಾಂಟೊ ಬ್ಲೂ ಜೇಸ್‌ಗೆ ಬಿಟ್ಟುಕೊಟ್ಟಾಗಿತ್ತು. 38 ವರ್ಷದ ಪಿಚರ್‌ನ ಬೆಲೆ ಇನ್ನು ಏರುವುದಿಲ್ಲ ಎಂಬ ಲೆಕ್ಕ ತಪ್ಪಾಗಿರಲಿಲ್ಲ. ಟೊರಾಂಟೊದಲ್ಲಿ ಮೊದಲ ವರ್ಷ 14 ಗೆಲುವು, 13 ಸೋಲು. ಬದಲಿಗೆ ಮೆಟ್ಸ್‌ಗೆ ಸಿಕ್ಕವರಲ್ಲಿ ಒಬ್ಬರು ನೋವಾ ಸಿಂಡರ್‌ಗಾರ್ಡ್: ಎತ್ತರದ ಆಳು, ಗಂಟೆಗೆ 155 ಕಿ.ಮೀ. ಮೀರಿದ ಚೆಂಡು. 2015ರಲ್ಲಿ ಮೆಟ್ಸ್ ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸ್ ತಲುಪಿದ್ದು ಇಂಥವರ ಬಲದಿಂದ. ಡಿಕಿ 2017ರವರೆಗೆ ಆಡಿ, 120 ಗೆಲುವಿನೊಂದಿಗೆ ನಿಲ್ಲಿಸಿದರು.

ಡಿಕಿಯ ಕತೆಯನ್ನು ಛಲದ ಕತೆಯೆಂದು ಹೇಳುವುದು ವಾಡಿಕೆ. ಛಲವಿದ್ದೂ ಮನೆಗೆ ಹೋದವರು ಮೈನರ್ ಲೀಗ್‌ನಲ್ಲಿ ಸಾವಿರಾರು. ಇವರಿಗೆ ಒದಗಿದ್ದು ಇನ್ನೆರಡು: ಗುಟ್ಟು ಹೇಳಿಕೊಟ್ಟ ಹಿರಿಯರು, ಮತ್ತು ಸೋತವನಿಗೂ ಎಲ್ಲೋ ಒಂದು ಮೂಲೆಯಲ್ಲಿ ಜಾಗವಿದ್ದ ದೊಡ್ಡ ವ್ಯವಸ್ಥೆ. ಆ ವ್ಯವಸ್ಥೆ ಈಗ ಕುಗ್ಗಿದೆ. 2021ರಲ್ಲಿ ಮೇಜರ್ ಲೀಗ್ ತನ್ನ ಅಧೀನ ತಂಡಗಳನ್ನು 120ಕ್ಕೆ ಇಳಿಸಿತು. ಹಿಂದೆ 40 ಸುತ್ತೂ ಅದಕ್ಕಿಂತ ಹೆಚ್ಚೂ ಇದ್ದ ಡ್ರಾಫ್ಟ್ ಈಗ 20 ಸುತ್ತು. ಆರಿಸುವವರ ಕೈಯಲ್ಲಿ ವೇಗ ಅಳೆಯುವ ಯಂತ್ರ, ಅವರ ಗಮನವೆಲ್ಲ 150 ಕಿ.ಮೀ. ದಾಟುವ ಹದಿನೆಂಟರ ಹುಡುಗರ ಮೇಲೆ. ನಕಲ್‌ಬಾಲ್ ಎಂಬುದೀಗ ಸ್ಯಾನ್ ಡಿಯೇಗೊ ತಂಡದ ಮೂಲಕ 2023ರಲ್ಲಿ ಮೇಜರ್ ಲೀಗ್‌ಗೆ ಬಂದ ಮ್ಯಾಟ್ ವಾಲ್ಡ್ರನ್ ಅವರಂಥವರ ಬತ್ತಳಿಕೆಯ ಹಲವು ಬಾಣಗಳಲ್ಲೊಂದು. ಅದನ್ನೇ ನೆಚ್ಚಿ ಕೂತವರು ಅವರಲ್ಲ.

ನೆಚ್ಚಿ ಕೂತಿದ್ದವರು ಮಿಕಿ ಜಾನಿಸ್. 2010ರ ಡ್ರಾಫ್ಟ್‌ನ 44ನೇ ಸುತ್ತಿನಲ್ಲಿ ಆಯ್ಕೆಯಾಗಿ, ಕೈಬಿಡಲ್ಪಟ್ಟು, ಯಾವ ಮಾತೃ ತಂಡವೂ ಇಲ್ಲದ ಸ್ವತಂತ್ರ ಲೀಗ್‌ಗಳಲ್ಲಿ ಆಡಿ, ನಕಲ್‌ಬಾಲ್ ಹಿಡಿದುಕೊಂಡೇ ಮತ್ತೆ ಏಣಿ ಹತ್ತಿದವರು. 2021ರ ಜೂನ್‌ನಲ್ಲಿ, 33ನೇ ವಯಸ್ಸಿನಲ್ಲಿ ಬಾಲ್ಟಿಮೋರ್ ತಂಡ ಅವರನ್ನು ಹ್ಯೂಸ್ಟನ್ ವಿರುದ್ಧ ಇಳಿಸಿತು. ಮೂರು ಇನ್ನಿಂಗ್ಸ್ ಮತ್ತೊಂದು ಔಟ್; ಮೂರು ಹೋಂ ರನ್ ಸೇರಿ ಏಳು ರನ್ ಕೊಟ್ಟರು. 2006ರ ಆ ಸಂಜೆ ಡಿಕಿ ಆಡಿದ್ದೂ ಸರಿಯಾಗಿ ಅಷ್ಟೇ ಇನ್ನಿಂಗ್ಸ್. ಜಾನಿಸ್‌ಗೆ ಮೇಜರ್ ಲೀಗ್‌ನಲ್ಲಿ ಇನ್ನೊಂದು ಪಂದ್ಯ ಸಿಗಲಿಲ್ಲ.